ತೆಗೆದಷ್ಟೂ ತುಂಬಿಕೊಳ್ಳುವ ಹಾಡು: ಡಬ್ ರೀಮಿಕ್ಸ್ ಎಂದರೇನು?

ರೀಮಿಕ್ಸ್ ಎಂದ ಕೂಡಲೇ ಹಳೆಯ ಹಾಡಿಗೆ ಹೊಸ ಬೀಟ್ ಸೇರಿಸುವುದು ನಮಗೆ ನೆನಪಾಗುತ್ತದೆ. ಡಬ್ ಇದಕ್ಕೆ ತದ್ವಿರುದ್ಧ. ಇಲ್ಲಿ ಸೇರಿಸುವುದಕ್ಕಿಂತ ತೆಗೆಯುವುದೇ ಹೆಚ್ಚು. ಇದಕ್ಕೊಂದು ಒಳ್ಳೆಯ ಉದಾಹರಣೆ 1997ರಲ್ಲಿ ಬಂದ 'ಎಕೋ ಡೆಕ್' ಎಂಬ ಆಲ್ಬಂ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ 'ಪ್ರೈಮಲ್ ಸ್ಕ್ರೀಮ್' ರಾಕ್ ತಂಡ ಪ್ರಯೋಗಗಳಿಗೆ ಹೆಸರಾದದ್ದು. ಅದು ಆ ವರ್ಷ 'ವ್ಯಾನಿಶಿಂಗ್ ಪಾಯಿಂಟ್' ಎಂಬ ಆಲ್ಬಂ ತಂದಿತು. ಅದರ ಹಾಡುಗಳ ಟೇಪುಗಳನ್ನು ಏಡ್ರಿಯನ್ ಶೆರ್ವುಡ್ ಎಂಬ ನಿರ್ಮಾಪಕರಿಗೆ ಒಪ್ಪಿಸಲಾಯಿತು. ಅವರು ಅವನ್ನು ಬಿಡಿಸಿ ಮತ್ತೆ ಕಟ್ಟಿದ್ದೇ 'ಎಕೋ ಡೆಕ್'. 'ಸ್ಟಾರ್' ಎಂಬ ಹಾಡು ಇದರಲ್ಲಿ 'ರೆವಲ್ಯೂಷನರಿ' ಆಯಿತು. 'ಕೊವಾಲ್ಸ್ಕಿ' ಎಂಬುದು 'ಫಸ್ಟ್ ನೇಮ್ ಅನ್‌ನೋನ್' ಆಯಿತು.

ಬಿಡಿಸುವುದು ಹೇಗೆ? ಸ್ಟುಡಿಯೋದಲ್ಲಿ ಡ್ರಮ್, ಬೇಸ್ ಗಿಟಾರ್, ಧ್ವನಿ ಎಲ್ಲವೂ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ದಾಖಲಾಗುತ್ತವೆ. ಮಿಕ್ಸರ್‌ನಲ್ಲಿ ಒಂದೊಂದು ಟ್ರ್ಯಾಕಿಗೂ ಒಂದು ಗುಂಡಿ ಇರುತ್ತದೆ. ಡಬ್ ಮಾಡುವವರು ಹಾಡುಗಾರರ ದನಿಯನ್ನು ಥಟ್ಟನೆ ನಿಲ್ಲಿಸುತ್ತಾರೆ. ಗಿಟಾರನ್ನು ಒಂದು ಕ್ಷಣ ಒಳಗೆ ಬಿಟ್ಟು ಮತ್ತೆ ಮುಚ್ಚುತ್ತಾರೆ. ಡ್ರಮ್ ಮತ್ತು ಬೇಸ್ ಮಾತ್ರ ಉಳಿಯುತ್ತವೆ. ಖಾಲಿಯಾದ ಜಾಗದಲ್ಲಿ ಪ್ರತಿಧ್ವನಿ ಅಲೆಯುತ್ತದೆ.

ಪ್ರತಿಧ್ವನಿಯ ಲೆಕ್ಕ ನಮಗೆ ಗೊತ್ತಿರುವುದೇ. ಅದು ಬೇರೆಯಾಗಿ ಕೇಳಿಸಲು ಸುಮಾರು 0.1 ಸೆಕೆಂಡ್ ಅಂತರ ಬೇಕು, ಅಂದರೆ ಗೋಡೆ ಕನಿಷ್ಠ 17 ಮೀಟರ್ ದೂರ ಇರಬೇಕು. ಸ್ಟುಡಿಯೋದಲ್ಲಿ ಅಷ್ಟು ಜಾಗ ಎಲ್ಲಿ? ಅಲ್ಲಿ ಗೋಡೆಯ ಕೆಲಸವನ್ನು ಟೇಪ್ ಮಾಡುತ್ತಿತ್ತು. ಟೇಪ್ ಸೆಕೆಂಡಿಗೆ 19 ಸೆಂ.ಮೀ. ಓಡುತ್ತಿದ್ದು, ದಾಖಲಿಸುವ ಹೆಡ್‌ಗೂ ಓದುವ ಹೆಡ್‌ಗೂ 5 ಸೆಂ.ಮೀ. ಅಂತರವಿದ್ದರೆ, ದನಿ ಸುಮಾರು ಕಾಲು ಸೆಕೆಂಡ್ ತಡವಾಗಿ ಹೊರಬರುತ್ತದೆ. ಹಾಗೆ ಬಂದದ್ದನ್ನು ಮತ್ತೆ ಒಳಗೆ ಕಳುಹಿಸಿದರೆ ಅದು ಕ್ಷೀಣಿಸುತ್ತಾ ಮರುಕಳಿಸುತ್ತದೆ.

ಈ ಕಲೆ ಹುಟ್ಟಿದ್ದು ಶ್ರೀಮಂತ ಸ್ಟುಡಿಯೋಗಳಲ್ಲಲ್ಲ, ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಬೀದಿಗಳಲ್ಲಿ. ನಮ್ಮಲ್ಲಿ ಸಮಾರಂಭಗಳಿಗೆ ಮೈಕ್‌ಸೆಟ್‌ನವರು ಬರುವಂತೆ ಅಲ್ಲಿ 'ಸೌಂಡ್ ಸಿಸ್ಟಂ'ಗಳು ಭಾರೀ ಸ್ಪೀಕರುಗಳೊಂದಿಗೆ ಬೀದಿಗಿಳಿಯುತ್ತಿದ್ದವು. 1960ರ ದಶಕದ ಕೊನೆಗೆ ಅವರು ಹಾಡಿಲ್ಲದ, ಬರೀ ವಾದ್ಯದ 'ವರ್ಷನ್'ಗಳನ್ನು ನುಡಿಸತೊಡಗಿದರು. ಅದನ್ನು ಕಲೆಯಾಗಿ ಬೆಳೆಸಿದವರಲ್ಲಿ ಪ್ರಮುಖರು ಕಿಂಗ್ ಟಬ್ಬಿ. ಅವರ ನಿಜವಾದ ಹೆಸರು ಆಸ್‌ಬೋರ್ನ್ ರಡ್ಡಕ್. ವೃತ್ತಿಯಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳ ರಿಪೇರಿಗಾರ. ನಾಲ್ಕು ಟ್ರ್ಯಾಕಿನ ಮಿಕ್ಸರನ್ನೇ ಅವರು ವಾದ್ಯದಂತೆ ನುಡಿಸಿದರು.

1976ರಲ್ಲಿ ಬಂದ, ಟಬ್ಬಿಯವರ ಹೆಸರನ್ನೇ ಹೊತ್ತ ಪ್ರಸಿದ್ಧ ಡಬ್ ಆಲ್ಬಮ್ಮಿನಲ್ಲಿ ಅಗಸ್ಟಸ್ ಪ್ಯಾಬ್ಲೊ ಮೆಲೋಡಿಕಾ ನುಡಿಸಿದ್ದರು. ಅದು ಬಾಯಿಯಿಂದ ಊದುತ್ತಾ ಬೆರಳಿನಿಂದ ಮನೆಗಳನ್ನು ಒತ್ತುವ ಪುಟ್ಟ ವಾದ್ಯ. ಎರಡು ದಶಕಗಳ ನಂತರ ಪ್ರೈಮಲ್ ಸ್ಕ್ರೀಮ್‌ನ 'ಸ್ಟಾರ್' ಹಾಡಿಗೆ ಮೆಲೋಡಿಕಾ ನುಡಿಸಿದವರೂ ಅವರೇ. ತಾವು ಕಲಿತ ಮೂಲವನ್ನು ಆ ತಂಡ ಮರೆಯಲಿಲ್ಲ.

ಎಲ್ಲರೂ ಹೀಗೆ ನಡೆದುಕೊಂಡಿಲ್ಲ. ಜಮೈಕಾದಲ್ಲಿ ವಾದ್ಯಗಾರರು ಒಮ್ಮೆ ನುಡಿಸಿ ಒಂದು ಸಲದ ಕೂಲಿ ಪಡೆಯುತ್ತಿದ್ದರು. ಅದೇ ಟೇಪು ಹತ್ತಾರು ರೆಕಾರ್ಡುಗಳಾಗಿ ಮಾರಾಟವಾದರೂ ಅನೇಕರಿಗೆ ಮತ್ತೆ ಕಾಸು ಸಿಗಲಿಲ್ಲ. ಇಂದು ನಮ್ಮ ಮೊಬೈಲಿನಲ್ಲೇ ಯಾರ ಹಾಡನ್ನಾದರೂ ಕತ್ತರಿಸಿ ಜೋಡಿಸಬಹುದು. ಹಾಗಾಗಿ ಈ ಪ್ರಶ್ನೆ ನಮ್ಮದೂ ಹೌದು: ಇದು ಯಾರ ದುಡಿಮೆ, ಅವರ ಹೆಸರು ಹೇಳಿದೆವೇ, ಅವರ ಒಪ್ಪಿಗೆ ಇದೆಯೇ?

ಗೆಳೆಯರೇ, ಬಿಡುವಾದಾಗ ಮೊದಲು 'ಸ್ಟಾರ್', ಆಮೇಲೆ 'ರೆವಲ್ಯೂಷನರಿ' ಕೇಳಿ ನೋಡಿ. ಎರಡನೆಯದರಲ್ಲಿ ಏನೇನು ಇಲ್ಲ ಎಂದು ಪಟ್ಟಿ ಮಾಡಿ. ಡಬ್ ಅರ್ಥವಾಗಲು ಅದಕ್ಕಿಂತ ಸುಲಭದ ದಾರಿ ಇಲ್ಲ.