ಎಐ ಏಜೆಂಟ್ ಓದುವ ಕೈಪಿಡಿ

ಅಂತರ್ಜಾಲದಲ್ಲಿ ಹುಡುಕುವ ಟೂಲ್ ಒಂದನ್ನು ಆಂಥ್ರೋಪಿಕ್ ಕಂಪನಿ ತನ್ನ ಎಐ ಮಾದರಿ ಕ್ಲಾಡ್‌ನ ಕೈಗೆ ಕೊಟ್ಟಿತು. ಆಗ ಎಂಜಿನಿಯರುಗಳಿಗೆ ಅದರ ಒಂದು ಚಾಳಿ ಕಣ್ಣಿಗೆ ಬಿತ್ತು: ಅಗತ್ಯವಿಲ್ಲದಿದ್ದರೂ ಹುಡುಕುವ ಪದಗಳ ಕೊನೆಗೆ ಅದು ‘2025’ ಎಂದು ಸೇರಿಸುತ್ತಿತ್ತು. ಸಿಗುವ ಉತ್ತರಗಳು ಅದರಿಂದ ಕೆಡುತ್ತಿದ್ದವು. ಇದನ್ನು ಸರಿಪಡಿಸಲು ಅವರು ಟೂಲ್‌ಗೆ ಬರೆದಿದ್ದ ವಿವರಣೆಯನ್ನು ತಿದ್ದಿದರು. ಬೇಕಾದದ್ದು ಒಳ್ಳೆಯ ಬರವಣಿಗೆ, ಅಷ್ಟೇ.

ಬರವಣಿಗೆಗೆ ಇಷ್ಟು ಬಲ ಹೇಗೆ ಬಂತು ಎಂಬುದು ತಿಳಿಯಬೇಕಾದರೆ ಏಜೆಂಟ್, ಅಂದರೆ ಟೂಲ್‌ಗಳನ್ನು ಬಳಸುವ ಎಐ, ಕೆಲಸ ಮಾಡುವ ರೀತಿಯನ್ನು ನೋಡಬೇಕು. ಭಾಷಾ ಮಾದರಿಗೆ ಗೊತ್ತಿರುವುದು ಪಠ್ಯ ಓದಿ ಪಠ್ಯ ಬರೆಯುವುದು ಮಾತ್ರ. ಟಿಕೆಟ್ ಕಾಯ್ದಿರಿಸುವುದಾಗಲಿ ಕಡತ ತೆರೆಯುವುದಾಗಲಿ ಅದರ ಕೈಯಲ್ಲಿಲ್ಲ. ಆದ್ದರಿಂದ ಬಳಕೆದಾರರ ಪ್ರಶ್ನೆಯ ಜೊತೆಗೆ ಒಂದು ಪಟ್ಟಿಯನ್ನೂ ಅದಕ್ಕೆ ಕೊಡುತ್ತಾರೆ. ಪ್ರತಿ ಟೂಲ್‌ನ ಹೆಸರು, ಅದು ಮಾಡುವ ಕೆಲಸ, ಅದಕ್ಕೆ ಒದಗಿಸಬೇಕಾದ ಮಾಹಿತಿ ಆ ಪಟ್ಟಿಯಲ್ಲಿರುತ್ತವೆ. ಮಾದರಿ ಅದನ್ನು ಓದಿ, ‘ಇಂಥ ಟೂಲ್ ಬೇಕು, ಅದಕ್ಕೆ ಈ ಮಾಹಿತಿ ಕೊಡಿ’ ಎಂದು ನಿಗದಿತ ರೂಪದಲ್ಲಿ ಬರೆಯುತ್ತದೆ. ಪಕ್ಕದಲ್ಲಿರುವ ಮಾಮೂಲಿ ಪ್ರೋಗ್ರಾಂ ಆ ಟೂಲನ್ನು ಓಡಿಸಿ, ಬಂದ ಫಲಿತಾಂಶವನ್ನು ಮತ್ತೆ ಪಠ್ಯವಾಗಿ ಮಾದರಿಯ ಮುಂದಿಡುತ್ತದೆ. ಓಪನ್‌ಎಐ 2023ರ ಜೂನ್‌ನಲ್ಲಿ ಈ ಸೌಲಭ್ಯವನ್ನು ಡೆವಲಪರ್‌ಗಳಿಗೆ ತೆರೆದಿಟ್ಟಿತು. ಇಂಥ ಟೂಲ್‌ಗಳನ್ನು ಯಾವ ಎಐಗಾದರೂ ಜೋಡಿಸಬಲ್ಲ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಎಂಬ ಸಾಮಾನ್ಯ ನಿಯಮಾವಳಿಯನ್ನು ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು.

ಟೂಲ್‌ನ ಒಳಗಿರುವ ಕೋಡ್ ಮಾದರಿಗೆ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅದಕ್ಕೆ ಕಾಣುವುದು ವಿವರಣೆಯ ನಾಲ್ಕು ಸಾಲು ಮಾತ್ರ. ಹೊಸ ಸಾಫ್ಟ್‌ವೇರ್ ಅರ್ಥವಾಗದಿದ್ದರೆ ನಾವು ಪಕ್ಕದ ಮೇಜಿನವರನ್ನು ಕೇಳುತ್ತೇವೆ, ಹೋದ ವಾರ ಎಡವಿದ್ದನ್ನು ನೆನಪಿಟ್ಟುಕೊಳ್ಳುತ್ತೇವೆ. ಯಾರಾದರೂ ಬರೆದು ಕೊಡದ ಹೊರತು ಮಾದರಿಗೆ ನಿನ್ನೆಯ ನೆನಪಿಲ್ಲ. ವಿವರಣೆಯಲ್ಲಿ ಬಿಟ್ಟುಹೋದದ್ದನ್ನು ಅದು ಊಹೆಯಿಂದ ತುಂಬುತ್ತದೆ, ಆ ಊಹೆ ನಂಬುವಂತೆಯೇ ಇರುತ್ತದೆ. ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕದ ಸಂಗತಿ ಇದು. ಊಹೆ ತಪ್ಪಿ ಕೆಲಸ ನಿಂತುಹೋದರೆ ತಪ್ಪು ಗೊತ್ತಾಗುತ್ತದೆ. ತಪ್ಪು ದಿನಾಂಕಕ್ಕೆ ಸಲೀಸಾಗಿ ಟಿಕೆಟ್ ಸಿಕ್ಕಿಬಿಟ್ಟರೆ ಗೊತ್ತಾಗುವುದು ನಿಲ್ದಾಣಕ್ಕೆ ಹೋದಮೇಲೆ.

ದಿನಾಂಕವನ್ನೇ ನೋಡಿ. 03/04/2025 ಎಂದರೆ ನಮಗೆ ಏಪ್ರಿಲ್ 3, ಅಮೆರಿಕನ್ನರಿಗೆ ಮಾರ್ಚ್ 4. ‘ಪ್ರಯಾಣದ ದಿನಾಂಕ’ ಎಂದಷ್ಟೇ ಬರೆದ ವಿವರಣೆ ಏಜೆಂಟನ್ನು ಕವಲುದಾರಿಯಲ್ಲಿ ನಿಲ್ಲಿಸುತ್ತದೆ. ‘ವರ್ಷ-ತಿಂಗಳು-ದಿನ ಕ್ರಮದಲ್ಲಿ ಕೊಡಿ, ಉದಾಹರಣೆಗೆ 2025-04-03’ ಎಂದರೆ ಗೊಂದಲಕ್ಕೆ ಎಡೆಯಿಲ್ಲ. ಟೂಲ್ ಕೊಡುವ ತಪ್ಪಿನ ಸಂದೇಶಕ್ಕೂ ಇದೇ ಮಾತು ಸಲ್ಲುತ್ತದೆ. ‘ದೋಷ 400’ ಎಂದರೆ ಏಜೆಂಟ್ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡಬಹುದು. ಏನು ತಪ್ಪಾಯಿತು, ಹೇಗಿದ್ದರೆ ಸರಿ ಎಂದು ಹೇಳುವ ಒಂದು ವಾಕ್ಯ ಅದನ್ನು ಮುಂದಿನ ಯತ್ನದಲ್ಲೇ ದಾರಿಗೆ ತರಬಲ್ಲದು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಎಸ್‌ಡಬ್ಲ್ಯುಇ-ಏಜೆಂಟ್ ಎಂಬ ಕೆಲಸದಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಕೋಡ್‌ನ ದೋಷ ತಿದ್ದುವ ಏಜೆಂಟ್‌ಗೆ ಮನುಷ್ಯರಿಗೆಂದು ಮಾಡಿದ ಕಮಾಂಡ್‌ಗಳನ್ನು ಹಾಗೇ ಕೊಡುವ ಬದಲು, ಅದರ ಓದಿಗೆ ಒಗ್ಗುವ ಟೂಲ್‌ಗಳನ್ನು ಅವರು ರೂಪಿಸಿದರು. ಕಡತ ತೆರೆದರೆ ಒಮ್ಮೆಗೆ 100 ಸಾಲು ಮಾತ್ರ ಕಾಣುತ್ತದೆ. ಹುಡುಕಾಟಕ್ಕೆ 50ಕ್ಕಿಂತ ಹೆಚ್ಚು ಫಲಿತಾಂಶ ಸಿಕ್ಕರೆ ಟೂಲ್ ಎಲ್ಲವನ್ನೂ ಸುರಿಯದೆ, ಇನ್ನಷ್ಟು ನಿಖರವಾಗಿ ಹುಡುಕು ಎನ್ನುತ್ತದೆ. ವ್ಯಾಕರಣ ತಪ್ಪಿದ ಕೋಡ್ ಬರೆದರೆ ಒಪ್ಪದೆ ಕಾರಣ ಹೇಳುತ್ತದೆ. ಮಾದರಿ ಅದೇ, ಆದರೂ ಬಗೆಹರಿದ ಸಮಸ್ಯೆಗಳ ಸಂಖ್ಯೆ ಏರಿತು. ಆಂಥ್ರೋಪಿಕ್‌ನವರ ಅನುಭವವೂ ಹೀಗೆಯೇ: ಏಜೆಂಟ್ ಬೇರೆ ಫೋಲ್ಡರ್‌ಗೆ ಹೋದಮೇಲೆ ಕಡತಗಳ ವಿಳಾಸ ತಪ್ಪುತ್ತಿತ್ತು. ಪ್ರತಿ ಸಲವೂ ಪೂರ್ತಿ ವಿಳಾಸವನ್ನೇ ಬರೆಯಬೇಕೆಂದು ಟೂಲ್‌ನಲ್ಲಿ ಕಡ್ಡಾಯ ಮಾಡಿದ ಮೇಲೆ ಆ ತಪ್ಪು ನಿಂತಿತು.

ಹಾಗೆಂದು ಉದ್ದುದ್ದ ಬರೆಯುವುದು ಪರಿಹಾರವಲ್ಲ. ಮಾದರಿ ಒಮ್ಮೆಗೆ ಗಮನಿಸಬಲ್ಲ ಪಠ್ಯಕ್ಕೆ ಮಿತಿಯಿದೆ, ಪ್ರತಿ ಪದಕ್ಕೂ ಖರ್ಚಿದೆ. ಸುಮಾರು ಒಂದೇ ಕೆಲಸ ಮಾಡುವ ಹತ್ತಾರು ಟೂಲ್‌ಗಳನ್ನು ಪಟ್ಟಿಯಲ್ಲಿ ತುಂಬಿದರೆ ಯಾವುದನ್ನು ಯಾವಾಗ ಬಳಸಬೇಕೆಂದು ಅದಕ್ಕೆ ತೋಚುವುದಿಲ್ಲ. ಹೆಚ್ಚು ಬೆಲೆ ಬಾಳುವ ವಾಕ್ಯವೆಂದರೆ ಟೂಲ್ ಏನು ಮಾಡುವುದಿಲ್ಲ ಎಂದು ತಿಳಿಸುವ ವಾಕ್ಯ. 1971ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಬರೆದ, ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಮೊದಲ ಕೈಪಿಡಿಯಲ್ಲೇ ಕಮಾಂಡ್‌ಗಳ ಕುಂದುಕೊರತೆಗೆಂದು ಪ್ರತ್ಯೇಕ ಶೀರ್ಷಿಕೆ ಇತ್ತು. ಆ ಪ್ರಾಮಾಣಿಕತೆಯನ್ನು ಆಮೇಲಿನ ಎಷ್ಟೋ ಕೈಪಿಡಿಗಳು ಕೈಬಿಟ್ಟವು. ಈಗ ಅದು ಮರಳಿ ಬರಲೇಬೇಕು.

ವಿವರಣೆಯನ್ನು ಮಾದರಿ ನಂಬುತ್ತದೆ ಎಂಬುದರಲ್ಲಿ ಅಪಾಯವೂ ಇದೆ. ಇನ್ವೇರಿಯಂಟ್ ಲ್ಯಾಬ್ಸ್‌ನ ಸಂಶೋಧಕರು 2025ರ ಏಪ್ರಿಲ್‌ನಲ್ಲಿ, ಎರಡು ಸಂಖ್ಯೆ ಕೂಡಿಸುವ ಅಮಾಯಕ ಟೂಲ್ ಒಂದರ ವಿವರಣೆಯಲ್ಲಿ ಗುಟ್ಟಾಗಿ ಆದೇಶ ಅಡಗಿಸಿ, ಬಳಕೆದಾರರ ಕಂಪ್ಯೂಟರಿನ ಗೋಪ್ಯ ಕೀಲಿ ಸೋರಿಹೋಗುವಂತೆ ಮಾಡಿ ತೋರಿಸಿದರು. ಹೊರಗಿನವರ ಟೂಲ್ ಬಳಸುವ ಮುನ್ನ ಅದರ ವಿವರಣೆಯನ್ನು ಮನುಷ್ಯರು ಪೂರ್ತಿ ಓದಲೇಬೇಕು.

ಕರ್ನಾಟಕದಲ್ಲಿ ಕೂತು ಇಂಥ ಟೂಲ್ ಬರೆಯುವವರಿಗೆ ಒಂದು ವಿನಂತಿ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಅಧಿಕೃತವಾಗಿ ಬದಲಾಯಿತು. ಒಂದು ದತ್ತಾಂಶದಲ್ಲಿ ಗುಲ್ಬರ್ಗಾ ಇದ್ದರೆ ಇನ್ನೊಂದರಲ್ಲಿ ಕಲಬುರಗಿ ಇರಬಹುದು, ವಿಮಾನ ಟಿಕೆಟ್ಟಿನಲ್ಲಿ ಜಿಬಿಐ ಎಂಬ ಸಂಕೇತ. ಕನ್ನಡದಲ್ಲೇ ಕೇಳುವ ಬಳಕೆದಾರರು ಇವುಗಳಲ್ಲಿ ಯಾವ ಹೆಸರನ್ನಾದರೂ ಹೇಳಬಹುದು. ನಿಮ್ಮ ಟೂಲ್‌ಗೆ ಬೇಕಾದ್ದು ಯಾವ ರೂಪ ಎಂದು ಬರೆಯಿರಿ, ಒಂದು ಉದಾಹರಣೆ ಕೊಡಿ. ಅಳಿಸುವ ಅಥವಾ ಹಣ ಕಳಿಸುವ ಟೂಲ್ ಆಗಿದ್ದರೆ, ಮಾಡಿದ್ದನ್ನು ಹಿಂದಕ್ಕೆ ಪಡೆಯಲಾಗದು, ಮೊದಲು ಬಳಕೆದಾರರ ಒಪ್ಪಿಗೆ ಕೇಳು ಎಂದು ಬರೆಯಿರಿ. ಒಪ್ಪಿಗೆಯಿಲ್ಲದೆ ಕೆಲಸ ಮುಂದುವರಿಯದಂತೆ ಕೋಡ್‌ನಲ್ಲೂ ತಡೆ ಇಡಿ. ನಂತರ ಏಜೆಂಟ್ ಕೈಗೆ ಕೊಟ್ಟು, ಅದು ಎಲ್ಲಿ ಎಡವಿತೆಂದು ದಾಖಲೆ ಓದಿ, ವಿವರಣೆಯನ್ನು ಮತ್ತೆ ತಿದ್ದಿ.