ಸಕ್ಕರೆ ಅಚ್ಚು

ಸಕ್ಕರೆ ಅಚ್ಚು ಎಂಬುದು ಸಕ್ಕರೆ ಪಾಕವನ್ನು ಮರದ ಅಚ್ಚುಗಳಲ್ಲಿ ಎರೆದು ತಯಾರಿಸುವ, ಗೊಂಬೆಯ ರೂಪದ ಸಿಹಿ ತಿನಿಸು. ಮೈಸೂರು, ನಂಜನಗೂಡು, ತಿ. ನರಸೀಪುರ, ಮಂಡ್ಯ, ಬೆಂಗಳೂರು ಮೊದಲಾದ ಹಳೆ ಮೈಸೂರು ಭಾಗಗಳಲ್ಲಿ ಮಕರ ಸಂಕ್ರಾಂತಿಯಂದು ಇದನ್ನು ಎಳ್ಳು-ಬೆಲ್ಲದೊಡನೆ ಹಂಚುತ್ತಾರೆ. ಉತ್ತರ ಕರ್ನಾಟಕದಲ್ಲಿ ಇದೇ ಬಗೆಯ ಗೊಂಬೆಗಳಿಗೆ ಸಕ್ಕರೆ ಆರತಿ ಎಂಬ ಹೆಸರಿದ್ದು, ಅವು ಗೌರಿ ಹುಣ್ಣಿಮೆಯ ಪೂಜೆಗೂ ಮದುವೆ ನಿಶ್ಚಯವಾದ ಹೆಣ್ಣಿಗೆ ಕೊಡುವ ಉಡುಗೊರೆಗೂ ಬಳಕೆಯಾಗುತ್ತವೆ. ಪಾಕವು ಹರಳುಗಟ್ಟಲು ತೊಡಗುವ ಕ್ಷಣವನ್ನು ಗುರುತಿಸಿ ಎರೆಯುವುದೇ ಈ ತಯಾರಿಕೆಯ ಮುಖ್ಯ ಕೌಶಲ.

ಹೆಸರು

ಕನ್ನಡದ 'ಸಕ್ಕರೆ' ಪದವು ಸಂಸ್ಕೃತದ 'ಶರ್ಕರಾ' ಶಬ್ದದ ತದ್ಭವ. 'ಅಚ್ಚು' ಎಂದರೆ ಎರಕದ ಪಡಿಯಚ್ಚು. ಆಡುಮಾತಿನಲ್ಲಿ ಮರದ ಪಡಿಯಚ್ಚನ್ನೂ ಅದರಿಂದ ಹೊರಬಂದ ಗೊಂಬೆಯನ್ನೂ ಅಚ್ಚು ಎಂದೇ ಕರೆಯುತ್ತಾರೆ.

ಅಚ್ಚಿನ ಮಣೆಗಳು

ಪ್ರತಿ ಅಚ್ಚೂ ಒಂದಕ್ಕೊಂದು ಹೊಂದಿಕೊಳ್ಳುವ ಎರಡು ಅಥವಾ ಹೆಚ್ಚು ಮರದ ತುಂಡುಗಳಿಂದ ಕೂಡಿರುತ್ತದೆ. ಅವುಗಳ ಒಳಮೈಯಲ್ಲಿ ಆಕೃತಿಯನ್ನು ತಗ್ಗಾಗಿ ಕೊರೆದಿರುತ್ತಾರೆ. ಪಾಕ ಎರೆಯಲು ಒಂದು ಬದಿಯಲ್ಲಿ ಬಾಯಿ ಬಿಟ್ಟಿರುತ್ತಾರೆ. ಆನೆ, ಕುದುರೆ, ನವಿಲು, ಗಿಳಿ, ಮೀನು, ಹೂವು, ಹಣ್ಣು, ತುಳಸಿಕಟ್ಟೆ ಮತ್ತು ಗೋಪುರ ಸಾಮಾನ್ಯ ಆಕೃತಿಗಳು. ಮನೆತನದ ಅಚ್ಚುಗಳು ತಾಯಿಯಿಂದ ಮಗಳಿಗೆ ಅಥವಾ ಅತ್ತೆಯಿಂದ ಸೊಸೆಗೆ ಬರುವುದುಂಟು. ಇತ್ತೀಚೆಗೆ ಪ್ಲಾಸ್ಟಿಕ್ ಮತ್ತು ಸಿಲಿಕೋನ್ ಅಚ್ಚುಗಳೂ ಬಳಕೆಗೆ ಬಂದಿವೆ.

ತಯಾರಿಕೆ

ಮರದ ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಸಿಡಲಾಗುತ್ತದೆ. ನೆನೆದ ಮರವು ಪಾಕವನ್ನು ಹೀರುವುದಿಲ್ಲವಾದ್ದರಿಂದ ಗೊಂಬೆ ಅಂಟದೆ ಬಿಡಿಸಿಕೊಳ್ಳುತ್ತದೆ. ಬಳಿಕ ನೀರನ್ನು ಒರೆಸಿ, ತುಂಡುಗಳನ್ನು ಜೋಡಿಸಿ ದಾರ ಅಥವಾ ರಬ್ಬರ್ ಬ್ಯಾಂಡಿನಿಂದ ಬಿಗಿಯುತ್ತಾರೆ.

ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುದಿಸುವಾಗ ಸ್ವಲ್ಪ ಹಾಲು ಹಾಕುತ್ತಾರೆ. ಹಾಲಿನ ಪ್ರೋಟೀನು ಹೆಪ್ಪುಗಟ್ಟುತ್ತಾ ಕಲ್ಮಶಗಳನ್ನು ಹಿಡಿದುಕೊಂಡು ಮೇಲೆ ತೇಲುತ್ತದೆ. ಆ ನೊರೆಯನ್ನು ತೆಗೆದು, ಪಾಕವನ್ನು ತೆಳುವಾದ ಬಟ್ಟೆಯಲ್ಲಿ ಸೋಸಿದರೆ ಗೊಂಬೆಗಳು ಅಚ್ಚ ಬಿಳುಪಾಗುತ್ತವೆ. ಬಣ್ಣ ಬೇಕಾದರೆ ಈ ಹಂತದಲ್ಲಿ ಬೆರೆಸಲಾಗುತ್ತದೆ.

ಸೋಸಿದ ಪಾಕವನ್ನು ಒಮ್ಮೆಗೇ ಬಳಸದೆ, ಕೆಲವೇ ಅಚ್ಚುಗಳಿಗೆ ಸಾಲುವಷ್ಟನ್ನು ಸಣ್ಣ ಪಾತ್ರೆಗೆ ತೆಗೆದುಕೊಂಡು ಮತ್ತೆ ಕಾಯಿಸುತ್ತಾರೆ. ಪಾಕ ಗಟ್ಟಿಯಾದಾಗ ಒಲೆಯಿಂದ ಇಳಿಸಿ ಸೌಟಿನಿಂದ ಬಿಡದೆ ತಿರುವುತ್ತಾರೆ. ತಿಳಿಯಾಗಿದ್ದ ಪಾಕ ಮಂಜಿನಂತೆ ಬೆಳ್ಳಗಾಗತೊಡಗಿದೊಡನೆ ಅಚ್ಚಿಗೆ ಎರೆಯಬೇಕು. ಬೇಗ ಎರೆದರೆ ಗೊಂಬೆ ಸರಿಯಾಗಿ ಗಟ್ಟಿಯಾಗದೆ ಬಿಡಿಸುವಾಗ ಮುರಿಯುತ್ತದೆ. ತಡವಾದರೆ ಪಾಕವು ಪಾತ್ರೆಯಲ್ಲೇ ಹೆಪ್ಪುಗಟ್ಟುತ್ತದೆ, ಇಲ್ಲವೆ ಆನೆಯ ಸೊಂಡಿಲು, ನವಿಲಿನ ಕೊಕ್ಕಿನಂತಹ ಕಿರಿದಾದ ಭಾಗಗಳಿಗೆ ಇಳಿಯುವುದಿಲ್ಲ. ಕೆಲವು ನಿಮಿಷಗಳ ನಂತರ ಕಟ್ಟು ಬಿಚ್ಚಿ ಗೊಂಬೆಯನ್ನು ಮೆಲ್ಲಗೆ ಬಿಡಿಸಿ ಒಣಗಲು ಬಿಡುತ್ತಾರೆ. ಕೆಟ್ಟ ಗೊಂಬೆಗಳನ್ನು ನೀರು ಸೇರಿಸಿ ಮತ್ತೆ ಪಾಕ ಮಾಡಬಹುದು. ಕುದಿಯುವ ಪಾಕವು ಚರ್ಮಕ್ಕೆ ಅಂಟಿಕೊಂಡು ತೀವ್ರವಾಗಿ ಸುಡುವುದರಿಂದ ಮಕ್ಕಳನ್ನು ದೂರವಿಡುವುದು ಅಗತ್ಯ.

ವೈಜ್ಞಾನಿಕ ಹಿನ್ನೆಲೆ

20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. 100 ಡಿಗ್ರಿಯಲ್ಲಿ ಈ ಪ್ರಮಾಣ ಸುಮಾರು 490 ಗ್ರಾಂಗೆ ಏರುತ್ತದೆ. ಕಾದ ಪಾಕ ಆರುವಾಗ ಅದರಲ್ಲಿ ಹೆಚ್ಚಾಗಿ ಉಳಿದ ಸಕ್ಕರೆಯು ಹರಳಾಗಿ ಹೊರಬರಲೇಬೇಕು. ತಿರುವುವುದರಿಂದ ಏಕಕಾಲದಲ್ಲಿ ಅಸಂಖ್ಯಾತ ಸೂಕ್ಷ್ಮ ಹರಳುಗಳು ಹುಟ್ಟುತ್ತವೆ. ಅವು ಬೆಳಕನ್ನು ಚದುರಿಸುವುದರಿಂದ ಪಾಕ ಬೆಳ್ಳಗೆ ಕಾಣುತ್ತದೆ. ನಿಂಬೆರಸದಂತಹ ಹುಳಿ ಹೆಚ್ಚಾದರೆ ಸುಕ್ರೋಸ್ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಇವು ಹರಳುಗಟ್ಟುವಿಕೆಗೆ ಅಡ್ಡಿಯಾಗಿ ಅಚ್ಚು ಮೆತ್ತಗಾಗುತ್ತದೆ.

ಮದುವೆ ಕೇಕಿನ ಸಕ್ಕರೆ ಅಲಂಕಾರದೊಡನೆ ಹೋಲಿಕೆ

ಪಾಶ್ಚಾತ್ಯ ಮದುವೆ ಕೇಕುಗಳ ಮೇಲಿನ ಗಾಜಿನಂತಹ ಸಕ್ಕರೆ ಹೂವು ಮತ್ತು ಪಟ್ಟಿಗಳ ತಯಾರಿಕೆಯಲ್ಲಿ ಇದಕ್ಕೆ ವಿರುದ್ಧವಾದ ತತ್ತ್ವವಿದೆ. ಅಲ್ಲಿ ಪಾಕವನ್ನು 150 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕಾಯಿಸಿ, ಗ್ಲೂಕೋಸ್ ಅಥವಾ ಟಾರ್ಟಾರಿಕ್ ಆಮ್ಲವನ್ನು ಸೇರಿಸಿ, ಹರಳು ಹುಟ್ಟದಂತೆ ತಡೆಯುತ್ತಾರೆ. ಬಿಸಿಯಿರುವಾಗಲೇ ಅದನ್ನು ಎಳೆದು ಅಥವಾ ಗಾಳಿ ಊದಿ ರೂಪ ಕೊಡುತ್ತಾರೆ. ಇಂತಹ ರಚನೆಗಳು ಪಾರದರ್ಶಕವಾಗಿದ್ದರೂ ಗಾಳಿಯ ತೇವವನ್ನು ಹೀರಿ ಬೇಗ ಅಂಟಂಟಾಗುತ್ತವೆ. ಹರಳುಗಟ್ಟಿದ ಸಕ್ಕರೆ ಅಚ್ಚು ತೇವವನ್ನು ಅಷ್ಟಾಗಿ ಹೀರುವುದಿಲ್ಲವಾದ್ದರಿಂದ ಒಣ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಮೂರನೆಯ ಬಗೆಯಲ್ಲಿ ಪಾಕದ ಬದಲು ಸಕ್ಕರೆ ಪುಡಿಗೆ ಅಂಟು ಅಥವಾ ಮೊಟ್ಟೆಯ ಬಿಳಿಭಾಗ ಬೆರೆಸಿ ಹಿಟ್ಟಿನಂತೆ ಬಳಸುತ್ತಾರೆ. ಬೆಂಗಳೂರಿನಲ್ಲಿ ಡಿಸೆಂಬರ್ ತಿಂಗಳಲ್ಲಿ ನಡೆಯುವ ವಾರ್ಷಿಕ ಕೇಕ್ ಪ್ರದರ್ಶನದಲ್ಲಿ ಸಕ್ಕರೆಯಿಂದ ರಚಿಸಿದ ಪ್ರಸಿದ್ಧ ಕಟ್ಟಡಗಳ ಬೃಹತ್ ಮಾದರಿಗಳನ್ನು ಕಾಣಬಹುದು.

ಆಚರಣೆಗಳಲ್ಲಿ

ಸಂಕ್ರಾಂತಿಯ ಸಂಜೆ ಹೆಣ್ಣುಮಕ್ಕಳು ಹೊಸ ಬಟ್ಟೆ ತೊಟ್ಟು ನೆರೆಹೊರೆಯ ಮನೆಗಳಿಗೆ ಹೋಗಿ ಎಳ್ಳು ಬೀರುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ ಮತ್ತು ಕಡಲೆಕಾಯಿ ಬೀಜದ ಮಿಶ್ರಣ, ಕಬ್ಬಿನ ತುಂಡು, ಬಾಳೆಹಣ್ಣುಗಳೊಡನೆ ಸಕ್ಕರೆ ಅಚ್ಚನ್ನೂ ಕೊಡುವುದು ರೂಢಿ. ಹಬ್ಬವು ಕಬ್ಬಿನ ಕೊಯ್ಲಿನ ಕಾಲದಲ್ಲೇ ಬರುತ್ತದೆ. ಕಬಿನಿ ನೀರಾವರಿಯ ನಂಜನಗೂಡು ತಾಲ್ಲೂಕಿನಲ್ಲಿ ಕಬ್ಬು ಮುಖ್ಯ ಬೆಳೆಗಳಲ್ಲೊಂದಾಗಿದ್ದು, ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆಯಿದೆ. ನೆರೆಯ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು 1933ರಲ್ಲಿ ಸ್ಥಾಪನೆಯಾಯಿತು.

ಉತ್ತರ ಕರ್ನಾಟಕದಲ್ಲಿ ಕಾರ್ತಿಕ ಮಾಸದ ಗೌರಿ ಹುಣ್ಣಿಮೆಗೆ ಬಿಳಿ, ಹಳದಿ, ಕೆಂಪು ಬಣ್ಣದ ಸಕ್ಕರೆ ಆರತಿಗಳನ್ನು ತಟ್ಟೆಯಲ್ಲಿ ಜೋಡಿಸಿ, ದೀಪವಿಟ್ಟು ಹೆಣ್ಣುಮಕ್ಕಳು ಗೌರಿಗೆ ಬೆಳಗುತ್ತಾರೆ. ನಿಶ್ಚಿತಾರ್ಥವಾದ ಹುಡುಗಿಗೆ ಗಂಡಿನ ಮನೆಯವರು ಸೀರೆಯೊಡನೆ ಸಕ್ಕರೆ ಆರತಿ ತರುವ ಪದ್ಧತಿಯಿದೆ. ಹೀಗೆ ಮದುವೆಗೆ ಮುನ್ನವೇ ಎರಡು ಮನೆಗಳ ನಡುವಿನ ಸಂಬಂಧಕ್ಕೆ ಸಕ್ಕರೆಯ ಗೊಂಬೆ ಗುರುತಾಗುತ್ತದೆ.

ಇತರ ಪ್ರದೇಶಗಳಲ್ಲಿ

ಉತ್ತರ ಪ್ರದೇಶದಲ್ಲಿ ದೀಪಾವಳಿಗೆ ಸಕ್ಕರೆಯ ಆಟಿಕೆಗಳನ್ನು ಮರದ ಅಚ್ಚಿನಲ್ಲಿ ಎರೆಯುತ್ತಾರೆ. ಈಜಿಪ್ಟಿನಲ್ಲಿ ಪ್ರವಾದಿ ಮುಹಮ್ಮದರ ಜನ್ಮದಿನಕ್ಕೆ ಸಕ್ಕರೆ ವಧುವಿನ ಗೊಂಬೆಗಳನ್ನೂ ಮೆಕ್ಸಿಕೋದಲ್ಲಿ ಮೃತರ ದಿನಕ್ಕೆ ಸಕ್ಕರೆ ತಲೆಬುರುಡೆಗಳನ್ನೂ ಮಾಡುವ ಸಂಪ್ರದಾಯವಿದೆ.

ಪ್ರಸ್ತುತ ಸ್ಥಿತಿ

ಹಬ್ಬದ ದಿನಗಳಲ್ಲಿ ಸಿದ್ಧ ಅಚ್ಚುಗಳು ಅಂಗಡಿಗಳಲ್ಲಿ ದೊರೆಯುವುದರಿಂದ ಮನೆಯಲ್ಲಿ ತಯಾರಿಸುವವರು ಕಡಿಮೆಯಾಗುತ್ತಿದ್ದಾರೆ. ಮಧುಮೇಹದ ಕಾರಣದಿಂದ ಅಚ್ಚುಗಳನ್ನು ಚಿಕ್ಕದಾಗಿ ಮಾಡುವುದು, ತಿನ್ನದೆ ಎತ್ತಿಡುವುದೂ ಉಂಟು. ಮರದ ಅಚ್ಚುಗಳನ್ನು ಜೋಪಾನವಾಗಿ ಕಾಪಾಡಬಹುದಾದರೂ, ಪಾಕದ ಹದವನ್ನು ಕಣ್ಣಿನಿಂದ ಅಳೆಯುವ ತಿಳಿವಳಿಕೆಯನ್ನು ಒಲೆಯ ಬಳಿ ನಿಂತೇ ಕಲಿಯಬೇಕಾಗುತ್ತದೆ.