ಎರಡು ನಿಮಿಷದ ಲೆಕ್ಕ

ಕಳೆದ ತಿಂಗಳು ನಮ್ಮ ದಾದಿಯನ್ನು ಕಣ್ಣು ತೋರಿಸಲು ಹುನ್ನೂರಿನಿಂದ ಜಮಖಂಡಿಗೆ ಕರೆದುಕೊಂಡು ಹೋಗಿದ್ದೆ. ಎರಡು ವರ್ಷದ ಹಿಂದೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವರಿಗೆ ನಡೆಯಲು ಆಗುವುದಿಲ್ಲ. ಹೊರಗೆ ಹೋಗಬೇಕೆಂದರೆ ಗಾಲಿಕುರ್ಚಿಯೇ ಬೇಕು. ದವಾಖಾನೆಯ ಮುಂದೆ ಗಾಡಿಗಳ ಸಾಲು ಇದ್ದುದರಿಂದ ಆಟೊದವರು ನಮ್ಮನ್ನು ಸ್ವಲ್ಪ ಹಿಂದೆಯೇ ಇಳಿಸಿದರು. ಉಳಿದ ದಾರಿ ಇನ್ನೂರು ಹೆಜ್ಜೆಯೂ ಇರಲಿಲ್ಲ.

ಆ ಇನ್ನೂರು ಹೆಜ್ಜೆಗೆ ನಮಗೆ ಅರ್ಧ ಗಂಟೆ ಹಿಡಿಯಿತು. ಫುಟ್‌ಪಾತ್ ಮೇಲೆ ಮೊದಲು ನಾಲ್ಕು ಬೈಕು, ಆಮೇಲೆ ಎರಡು ಗಾಲಿ ಮೇಲೆ ಹತ್ತಿಸಿ ನಿಲ್ಲಿಸಿದ ಒಂದು ಕಾರು, ಅದರಾಚೆ ಪೂರ್ತಿ ಮೇಲೆಯೇ ನಿಂತ ಇನ್ನೊಂದು ಕಾರು. ಬೇರೆ ದಾರಿ ಇಲ್ಲದೆ ಕುರ್ಚಿಯನ್ನು ರಸ್ತೆಗೆ ಇಳಿಸಿದೆ. ಕಬ್ಬಿನ ಹಂಗಾಮು, ಹಿಂದಿನಿಂದ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಾರ್ನ್ ಹೊಡೆಯುತ್ತ ಬಂತು. ದಾದಿ ಹಿಂದಕ್ಕೆ ಕೈ ಚಾಚಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. ಅಂಗಡಿಯಲ್ಲಿ ನಿಂತಿದ್ದ ಕಾರಿನವರು ನಮ್ಮನ್ನು ನೋಡಿ, "ಎರಡ ಮಿನಿಟ್ ತಮ್ಮಾ, ಈಗ ತಗೀತೀನಿ" ಅಂದರು. ಅವರು ಕೆಟ್ಟವರಲ್ಲ. ಓಡಿ ಬಂದು ಕುರ್ಚಿಯನ್ನು ಎತ್ತಿ ಮೇಲೆ ಇಡಲು ಕೈ ಹಚ್ಚಿದರು. ಒಂದು ತಾಸಿನ ನಂತರ ನಾವು ತಿರುಗಿ ಬರುವಾಗ ಆ ಕಾರು ಹೋಗಿತ್ತು. ಅದೇ ಜಾಗದಲ್ಲಿ ಬೇರೆ ಕಾರು ನಿಂತಿತ್ತು.

ನಾನು ಈ ವಿಷಯವನ್ನು ಓದಿ ತಿಳಿದುಕೊಳ್ಳಲು ಅದೇ ಕಾರಣವಾಯಿತು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಫುಟ್‌ಪಾತ್ ಎಷ್ಟು ಅಗಲ ಇರಬೇಕು?

ನಮ್ಮ ದೇಶದಲ್ಲಿ ರಸ್ತೆಗಳ ಅಳತೆಯನ್ನು ಹೇಳುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಪಾದಚಾರಿಗಳಿಗಾಗಿ ಅದು ಹೊರಡಿಸಿರುವ ಮಾರ್ಗಸೂಚಿಯ ಪ್ರಕಾರ ಫುಟ್‌ಪಾತ್ ಮೇಲೆ ಯಾವ ಅಡ್ಡಿಯೂ ಇಲ್ಲದೆ ನಡೆಯಲು ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಅಗಲ ಇರಬೇಕು. ಅಂಗಡಿಗಳು ಹೆಚ್ಚಿರುವ ಕಡೆ ಇನ್ನೂ ಹೆಚ್ಚು ಬೇಕು. ರಸ್ತೆಯಿಂದ ಅದರ ಎತ್ತರ 15 ಸೆಂಟಿಮೀಟರ್ ಮೀರಬಾರದು.

ಈ ಅಳತೆಯನ್ನು ಸುಮ್ಮನೆ ಬರೆದದ್ದಲ್ಲ. ಒಂದು ಗಾಲಿಕುರ್ಚಿ ಸರಾಗವಾಗಿ ಹೋಗಲು ಸುಮಾರು 90 ಸೆಂಟಿಮೀಟರ್ ಜಾಗ ಬೇಕು. ಎದುರಿನಿಂದ ಇನ್ನೊಂದು ಬಂದರೆ ಅದರ ಎರಡರಷ್ಟು, ಅಂದರೆ 1.8 ಮೀಟರ್. ಈಗ ನಮ್ಮ ಭಾಗದಲ್ಲಿ ಹೆಚ್ಚಾಗಿ ಕಾಣುವ ಬೊಲೆರೊ ಗಾಡಿಯನ್ನು ತೆಗೆದುಕೊಳ್ಳಿ. ಅದರ ಅಗಲ ಸುಮಾರು 1.75 ಮೀಟರ್. ನಿಯಮದ ಪ್ರಕಾರ ಕಟ್ಟಿದ ಫುಟ್‌ಪಾತ್ ಮೇಲೆ ಅದು ಹತ್ತಿ ನಿಂತರೆ ಉಳಿಯುವುದು 5 ಸೆಂಟಿಮೀಟರ್, ನಮ್ಮ ಮೂರು ಬೆರಳಿನ ಅಗಲ. "ಎರಡೇ ಗಾಲಿ ಮೇಲೆ ಹತ್ತಿಸಿದ್ದೀನಿ, ಜಾಗ ಬಿಟ್ಟಿದ್ದೀನಿ" ಎನ್ನುವವರೂ ಇದ್ದಾರೆ. ಅವರ ಗಾಡಿಯ ಕನ್ನಡಿಯ ಚಾಚು ಕಳೆದರೆ ಆ ಜಾಗವೂ ಒಂದು ಕುರ್ಚಿಗೆ ಸಾಲುವುದಿಲ್ಲ.

ನಡೆಯುವವರಿಗೆ 15 ಸೆಂಟಿಮೀಟರ್ ಮೆಟ್ಟಿಲು ದೊಡ್ಡದಲ್ಲ. ಗಾಲಿಕುರ್ಚಿಗೆ ಅದು ಗೋಡೆ. ಕುರ್ಚಿಯ ಮುಂದಿನ ಎರಡು ಗಾಲಿಗಳು ಚಿಕ್ಕವು, ಆ ಎತ್ತರವನ್ನು ತಾವಾಗಿ ಹತ್ತಲಾರವು. ಆದ್ದರಿಂದ ಇಳಿಜಾರು ಬೇಕು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಎಂಬುದು ಅದರ ಲೆಕ್ಕ. ಹಾಗಾಗಿ 15 ಸೆಂಟಿಮೀಟರ್ ಏರಲು 1.8 ಮೀಟರ್ ಉದ್ದದ ಇಳಿಜಾರು ಬೇಕಾಗುತ್ತದೆ. ಎಲ್ಲೋ ಒಂದು ಕಡೆ ಅಂಥದ್ದು ಇದ್ದರೂ, ಗಾಡಿ ಹತ್ತಿಸಲು ಅದೇ ಅನುಕೂಲವೆಂದು ಅದರ ಬಾಯಿಗೇ ಗಾಡಿ ನಿಂತಿರುತ್ತದೆ.

ಕಣ್ಣು ಕಾಣದವರ ಕಷ್ಟ ಬೇರೆ ರೀತಿಯದು. ಅವರ ಬಿಳಿ ಕೋಲು ನೆಲವನ್ನು ತಡವುತ್ತದೆ. ಗೂಡ್ಸ್ ಗಾಡಿಯ ಹಿಂಬದಿಯಿಂದ ಎದೆಯ ಎತ್ತರಕ್ಕೆ ಚಾಚಿಕೊಂಡಿರುವ ಕಬ್ಬಿಣದ ಸಳಿಗಳು ಕೋಲಿಗೆ ಸಿಗುವುದಿಲ್ಲ, ನೇರವಾಗಿ ಎದೆಗೋ ಮುಖಕ್ಕೋ ಬಡಿಯುತ್ತವೆ. ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಚೀಲ ಹಿಡಿದ ತಾಯಿ, ಮಗುವನ್ನು ತಳ್ಳುಗಾಡಿಯಲ್ಲಿ ಕೂಡಿಸಿಕೊಂಡು ಬಂದವರು, ಕೋಲೂರಿ ನಡೆಯುವ ಅಜ್ಜ, ಎಲ್ಲರೂ ಕೊನೆಗೆ ಇಳಿಯುವುದು ಟ್ರ್ಯಾಕ್ಟರ್ ಬರುವ ರಸ್ತೆಗೇ.

ನಮ್ಮ ಊರುಗಳಲ್ಲಿ ಇನ್ನೊಂದು ಸಂಗತಿ ಇದೆ. ಇಲ್ಲಿ ಫುಟ್‌ಪಾತ್ ಎಂದರೆ ಬಹಳ ಕಡೆ ಗಟಾರದ ಮೇಲೆ ಮುಚ್ಚಿದ ಕಲ್ಲು ಅಥವಾ ಸಿಮೆಂಟ್ ಹಾಸು. ಅದು ಜನರ ಭಾರಕ್ಕೆಂದು ಹಾಕಿದ್ದು. ಒಂದೂವರೆ ಟನ್ ತೂಕದ ಗಾಡಿ ದಿನವೂ ಹತ್ತಿ ಇಳಿದರೆ ಅದು ಬಿರುಕು ಬಿಡುತ್ತದೆ, ಒಂದು ದಿನ ಮುರಿದು ಬೀಳುತ್ತದೆ. ಗಾಡಿ ಹೋದ ಮೇಲೂ ಗುಂಡಿ ಅಲ್ಲೇ ಉಳಿಯುತ್ತದೆ. ಹುನ್ನೂರಿನಂಥ ಊರಿನ ಹೆಚ್ಚಿನ ಓಣಿಗಳಲ್ಲಿ ಫುಟ್‌ಪಾತೇ ಇಲ್ಲ, ರಸ್ತೆಯ ಅಂಚೇ ನಡೆಯುವವರ ದಾರಿ. ಅಲ್ಲಿ ಅಂಚಿನಲ್ಲಿ ನಿಂತ ಗಾಡಿಯೂ ಇದೇ ಕೆಲಸ ಮಾಡುತ್ತದೆ.

ಕಾನೂನು ಏನು ಹೇಳುತ್ತದೆ?

ಕಾನೂನು ಇಲ್ಲವೆಂದು ನಾನು ತಿಳಿದಿದ್ದೆ. ಓದಿದಾಗ ಒಂದಲ್ಲ, ನಾಲ್ಕೈದು ಸಿಕ್ಕವು. 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಫುಟ್‌ಪಾತ್ ಮೇಲೆ ಗಾಡಿ ನಿಲ್ಲಿಸುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಬೇರೆಯವರಿಗೆ ಅಪಾಯ ಅಥವಾ ತೊಂದರೆ ಆಗುವಂತೆ ಗಾಡಿ ಬಿಟ್ಟು ಹೋಗುವುದನ್ನು ತಡೆಯುತ್ತದೆ. 127ನೇ ಕಲಂ ಅಡ್ಡಿಯಾದ ಗಾಡಿಯನ್ನು ಎಳೆದೊಯ್ಯಲು ಪೊಲೀಸರಿಗೆ ಅಧಿಕಾರ ಕೊಡುತ್ತದೆ. 2019ರ ತಿದ್ದುಪಡಿಯ ನಂತರ 177ನೇ ಕಲಮಿನ ಸಾಮಾನ್ಯ ದಂಡ ಮೊದಲ ಸಲಕ್ಕೆ 500 ರೂಪಾಯಿ, ಮತ್ತೆ ಮಾಡಿದರೆ 1,500 ರೂಪಾಯಿಯವರೆಗೆ ಇದೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡುವುದು ಅಪರಾಧವೂ ಹೌದು. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಅದಕ್ಕೆ ಹೆಚ್ಚೆಂದರೆ 200 ರೂಪಾಯಿ ದಂಡವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಅದನ್ನು 5,000 ರೂಪಾಯಿಯವರೆಗೆ ಏರಿಸಿದೆ.

ಇದಕ್ಕೂ ದೊಡ್ಡ ಮಾತು ಸುಪ್ರೀಂ ಕೋರ್ಟಿನಿಂದ ಬಂದಿದೆ. ಕೊಯಮತ್ತೂರಿನ ಮೂಳೆ ಶಸ್ತ್ರವೈದ್ಯ ಡಾ. ಎಸ್. ರಾಜಶೇಖರನ್ ಅವರು ರಸ್ತೆ ಅಪಘಾತಗಳ ಬಗ್ಗೆ 2012ರಲ್ಲಿ ಒಂದು ಅರ್ಜಿ ಹಾಕಿದ್ದರು. ಅದೇ ಪ್ರಕರಣದಲ್ಲಿ 2025ರ ಮೇ 14ರಂದು ಕೋರ್ಟು, ಅಡ್ಡಿಯಿಲ್ಲದ ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಅಂಗವಿಕಲರೂ ಬಳಸುವಂತೆ ಫುಟ್‌ಪಾತ್ ಇರಬೇಕೆಂದೂ, ಒತ್ತುವರಿ ತೆಗೆಸಬೇಕೆಂದೂ ರಾಜ್ಯಗಳಿಗೆ ಸೂಚಿಸಿತು. ಇದನ್ನು ಬದುಕಿನ ಹಕ್ಕು ಎನ್ನಲು ಕಾರಣವಿದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಐವರಲ್ಲಿ ಒಬ್ಬರು ಎಂದಾಯಿತು.

ಲಾಭ ಯಾರಿಗೆ, ಖರ್ಚು ಯಾರಿಗೆ?

ಇಷ್ಟು ಕಾನೂನು ಇದ್ದರೂ ಗಾಡಿ ಯಾಕೆ ಅಲ್ಲೇ ನಿಲ್ಲುತ್ತದೆ? ವಾಣಿಜ್ಯ ವಿದ್ಯಾರ್ಥಿಯಾಗಿ ನನಗೆ ಇದು ಲೆಕ್ಕದ ಪ್ರಶ್ನೆಯಾಗಿ ಕಾಣುತ್ತದೆ. ಅರ್ಥಶಾಸ್ತ್ರದಲ್ಲಿ ನಾವು ಬಾಹ್ಯ ಪರಿಣಾಮ ಎಂಬುದನ್ನು ಓದುತ್ತೇವೆ. ಕಾರ್ಖಾನೆಯೊಂದು ಹೊಳೆಗೆ ಕೊಳೆ ನೀರು ಬಿಟ್ಟರೆ ಲಾಭ ಕಾರ್ಖಾನೆಗೆ, ನಷ್ಟ ಮೀನು ಹಿಡಿಯುವವರಿಗೆ. ಆ ನಷ್ಟ ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ. ಫುಟ್‌ಪಾತ್ ಮೇಲಿನ ಗಾಡಿಯೂ ಹಾಗೆಯೇ. ನೂರು ಹೆಜ್ಜೆ ನಡೆಯುವುದು ತಪ್ಪಿದ್ದು ಗಾಡಿಯವರ ಲಾಭ. ಅದರ ಖರ್ಚನ್ನು ದಾದಿಯಂಥವರು ಕೊಡುತ್ತಾರೆ.

ಈಗ "ಎರಡು ನಿಮಿಷ"ದ ಲೆಕ್ಕ ನೋಡೋಣ. ಒಂದು ಅಂಗಡಿಯ ಮುಂದೆ ದಿನಕ್ಕೆ 40 ಗಾಡಿಗಳು ಬಂದು, ಒಂದೊಂದೂ ಹತ್ತು ನಿಮಿಷ ನಿಂತವು ಅಂದುಕೊಳ್ಳಿ. 400 ನಿಮಿಷ, ಅಂದರೆ 6 ಗಂಟೆ 40 ನಿಮಿಷ ಆಯಿತು. ಯಾರೂ ಹೆಚ್ಚು ಹೊತ್ತು ನಿಲ್ಲಲಿಲ್ಲ, ಆದರೂ ಬಜಾರಿನ ದಿನದ ಹೆಚ್ಚಿನ ಹೊತ್ತು ದಾರಿ ಮುಚ್ಚಿತ್ತು. ಗಟಾರದಲ್ಲಿ ಒಂದು ಕಡೆ ಕಸ ಸಿಕ್ಕಿಕೊಂಡರೆ ಸಾಕು, ಇಡೀ ಗಟಾರ ಕಟ್ಟುತ್ತದೆ. ಹಾಗೆಯೇ ಇಪ್ಪತ್ತು ಅಂಗಡಿಗಳಲ್ಲಿ ಹತ್ತೊಂಬತ್ತರ ಮುಂದೆ ದಾರಿ ಖಾಲಿ ಇದ್ದು ಒಂದರ ಮುಂದೆ ಕಾರು ಇದ್ದರೂ ಗಾಲಿಕುರ್ಚಿಗೆ ಆ ದಾರಿ ಇಲ್ಲ.

ಈ ಲೆಕ್ಕದಲ್ಲಿ ಕಾಣದ ಇನ್ನೊಂದು ಖರ್ಚಿದೆ. ಅವತ್ತು ಮನೆಗೆ ಬಂದ ಮೇಲೆ ದಾದಿ, "ಅಬ್ ಮೇರೆಕು ಬಜಾರ್ ನಕ್ಕೊ" ಅಂದರು. ಇನ್ನು ನನಗೆ ಬಜಾರು ಬೇಡ ಎಂದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ. ಆದರೆ ನಮ್ಮ ಬಜಾರಿನಲ್ಲಿ ಗಾಲಿಕುರ್ಚಿ ಕಾಣುವುದು ಅಪರೂಪ. ಅಂಥವರು ಇಲ್ಲವೆಂದು ನಾವು ತಿಳಿಯುತ್ತೇವೆ. ಅವರು ಇದ್ದಾರೆ, ಒಂದೆರಡು ಸಲ ಬಂದು ನೋಡಿ ಮನೆಯಲ್ಲೇ ಉಳಿದಿದ್ದಾರೆ.

"ಮತ್ತೆಲ್ಲಿ ನಿಲ್ಲಿಸಲಿ?"

ನಮ್ಮ ಅಬ್ಬಾ ಅವರಿಗೆ ಒಂದು ಗೂಡ್ಸ್ ಗಾಡಿ ಇದೆ. ಅಂಗಡಿಗಳಿಗೆ ಸಾಮಾನು ಹಾಕುವಾಗ ಅದೂ ಗಟಾರದ ಹಾಸಿನ ಮೇಲೆಯೇ ನಿಲ್ಲುತ್ತಿತ್ತು. ಅದನ್ನು ಎಷ್ಟೋ ಸಲ ನೋಡಿದ್ದರೂ ದಾದಿಯ ಕುರ್ಚಿ ತಳ್ಳಿದ ಮೇಲೆಯೇ ನನ್ನ ಕಣ್ಣಿಗೆ ಬಿತ್ತು. ಅವರಿಗೆ ಹೇಳಿದಾಗ ಸಿಟ್ಟಾಗಲಿಲ್ಲ. ಮತ್ತೆಲ್ಲಿ ನಿಲ್ಲಿಸಲಿ, ರಸ್ತೆ ಮೇಲೆ ನಿಲ್ಲಿಸಿದರೆ ಬಸ್ಸಿನವರು ಬೈಯುತ್ತಾರೆ ಎಂದರು. ಅದು ನ್ಯಾಯವಾದ ಪ್ರಶ್ನೆ. ಜಮಖಂಡಿ 1948ರವರೆಗೆ ಪಟವರ್ಧನರ ಸಂಸ್ಥಾನವಾಗಿತ್ತು. ಹಳೆಯ ಪೇಟೆಯ ಓಣಿಗಳು ಎತ್ತಿನ ಗಾಡಿ, ಟಾಂಗಾಗಳ ಕಾಲದವು. ಅವುಗಳಲ್ಲಿ ಕಾರಿಗೆ ಜಾಗ ಇಲ್ಲದಿರುವುದು ಆಶ್ಚರ್ಯವಲ್ಲ.

ಇದೇ ಪ್ರಶ್ನೆಯನ್ನು ಬೇರೆ ಕಡೆಯೂ ಎದುರಿಸಿದ್ದಾರೆ. ಜಪಾನಿನಲ್ಲಿ 1962ರ ಕಾನೂನಿನಂತೆ ಸಾಮಾನ್ಯವಾಗಿ ಕಾರು ನಿಲ್ಲಿಸಲು ಜಾಗವಿದೆ ಎಂಬ ಪ್ರಮಾಣಪತ್ರ ತೋರಿಸಿದರೆ ಮಾತ್ರ ನೋಂದಣಿ ಆಗುತ್ತದೆ. ಲಂಡನ್ನಿನಲ್ಲಿ 1974ರ ಕಾನೂನಿನಿಂದಲೇ ಫುಟ್‌ಪಾತ್ ಮೇಲೆ ಗಾಡಿ ನಿಲ್ಲಿಸುವುದಕ್ಕೆ ನಿಷೇಧವಿದೆ. ಸ್ಕಾಟ್ಲೆಂಡಿನ ಊರುಗಳ ಆಡಳಿತಗಳಿಗೆ 2023ರ ಡಿಸೆಂಬರಿನಿಂದ ಇದಕ್ಕೆ 100 ಪೌಂಡ್ ದಂಡ ಹಾಕುವ ಅಧಿಕಾರ ಬಂದಿದೆ. ಬೆಂಗಳೂರಿನಲ್ಲಿ ಟೆಂಡರ್ ಶ್ಯೂರ್ ಯೋಜನೆಯಡಿ ರೆಸಿಡೆನ್ಸಿ ರಸ್ತೆಯಂಥ ಕಡೆ ಅಗಲವಾದ ಫುಟ್‌ಪಾತ್ ಕಟ್ಟಿದರು. ಗಾಡಿ ಹತ್ತದಂತೆ ಗೂಟಗಳನ್ನು ನೆಡುವುದೂ ಒಂದು ಉಪಾಯ. ಆದರೆ ಗೂಟಗಳ ನಡುವೆ ಗಾಲಿಕುರ್ಚಿ ಹೋಗುವಷ್ಟು ಜಾಗ ಬಿಟ್ಟರೆ ಸ್ಕೂಟರೂ ಹೋಗುತ್ತದೆ. ಕಲ್ಲು ಕಬ್ಬಿಣದಿಂದ ಕಾರನ್ನು ತಡೆಯಬಹುದು, ಬೈಕನ್ನು ತಡೆಯಲು ಓಡಿಸುವವರ ಮನಸ್ಸು ಬೇಕು.

ನಮ್ಮಂಥ ಊರಿಗೆ ಆಗುವ ಕೆಲಸಗಳೂ ಇವೆ. ಸಾಮಾನು ಇಳಿಸಲು ಬೆಳಿಗ್ಗೆ ಇಂತಿಷ್ಟು ಹೊತ್ತು ಎಂದು ಗೊತ್ತು ಮಾಡಬಹುದು. ಬಜಾರಿನ ಹತ್ತಿರದ ಖಾಲಿ ಜಾಗದಲ್ಲಿ ಗಾಡಿ ನಿಲ್ಲಿಸಲು ಗೆರೆ ಹಾಕಬಹುದು. ದವಾಖಾನೆ, ಬ್ಯಾಂಕು, ಶಾಲೆಗಳ ಮುಂದಿನ ಫುಟ್‌ಪಾತನ್ನು ಮೊದಲು ಖಾಲಿ ಮಾಡಿಸಬಹುದು. ಪಟ್ಟಣದಲ್ಲಿ ಇದನ್ನು ಕೇಳಬೇಕಾದದ್ದು ನಗರಸಭೆ ಮತ್ತು ಪೊಲೀಸರನ್ನು. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯನ್ನು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾನೂನಿದೆ. ಅಲ್ಲಿ ಎದ್ದು ನಿಂತು ಕೇಳಲು ಹಣ ಬೇಕಿಲ್ಲ.

ಅಬ್ಬಾ ಈಗ ಗಾಡಿಯನ್ನು ಸ್ವಲ್ಪ ದೂರದ ಖಾಲಿ ಜಾಗದಲ್ಲಿ ನಿಲ್ಲಿಸಿ ಕೈಗಾಡಿಯಲ್ಲಿ ಸಾಮಾನು ತರುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತದೆ ಎನ್ನುತ್ತಾರೆ. ಮಳೆ ಬಂದ ದಿನ ಹಳೆಯ ಜಾಗಕ್ಕೇ ಹೋಗುತ್ತಾರೆ, ಅದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಗೇಟಿನ ಮುಂದೆ

ದಾರಿಯಲ್ಲಿ ಜನರಿಗೆ ನೋವು ಕೊಡುವ ವಸ್ತುವನ್ನು ಸರಿಸುವುದು ಈಮಾನಿನ ಒಂದು ಭಾಗ, ಅದೂ ಒಂದು ಸದಕಾ ಎಂದು ನಾವು ಚಿಕ್ಕಂದಿನಿಂದ ಮದರಸಾದಲ್ಲಿ ಕಲಿತಿದ್ದೇವೆ. ದಾರಿಗೂ ಒಂದು ಹಕ್ಕಿದೆ ಎಂಬ ಹದೀಸನ್ನೂ ಕೇಳಿದ್ದೇವೆ. ಮುಳ್ಳು, ಕಲ್ಲು ಕಂಡರೆ ಸರಿಸುತ್ತೇವೆ. ಆದರೆ ಶುಕ್ರವಾರ ಜುಮಾ ನಮಾಜಿಗೆ ತಡವಾಯಿತೆಂದು ನಮ್ಮ ಬೈಕನ್ನು ಯಾರದೋ ಬಾಗಿಲ ಮುಂದೆ, ನಡೆಯುವ ದಾರಿಯ ಮೇಲೆ ಬಿಟ್ಟು ಒಳಗೆ ಹೋಗುತ್ತೇವೆ. ಜಾತ್ರೆಯಲ್ಲಿ, ಮದುವೆಯಲ್ಲಿ ಎಲ್ಲ ಸಮಾಜದವರೂ ಹೀಗೇ ಮಾಡುತ್ತಾರೆ ಎನ್ನಬಹುದು. ಬೇರೆಯವರು ಮಾಡುತ್ತಾರೆ ಎಂದ ಮಾತ್ರಕ್ಕೆ ನಮ್ಮ ಭಾಗ ಕಡಿಮೆ ಆಗುವುದಿಲ್ಲ.

ನಮ್ಮ ಕಾಲೇಜಿನ ಗೇಟಿನ ಎರಡೂ ಬದಿ ಬೆಳಿಗ್ಗೆ ಒಂಬತ್ತೂವರೆಗೆ ಬೈಕುಗಳ ಸಾಲು ನಿಲ್ಲುತ್ತದೆ. ಒಳಗೆ ಜಾಗವಿದ್ದರೂ ಸಂಜೆ ಬೇಗ ಹೊರಡಲು ಅನುಕೂಲವೆಂದು ಹೊರಗೆ ನಿಲ್ಲಿಸುತ್ತೇವೆ. ಹೆಣ್ಣುಮಕ್ಕಳು ಬಸ್ಸಿಳಿದು ರಸ್ತೆಯ ಮಧ್ಯದಲ್ಲಿ ನಡೆದು ಬರುತ್ತಾರೆ. ಗೇಟಿನ ಹೊರಗೆ ಎರಡೂ ಬದಿ ಆರಾರು ಅಡಿ ಖಾಲಿ ಬಿಡೋಣ ಎಂಬುದು ನನ್ನ ವಿನಂತಿ. ಸುಣ್ಣದ ಒಂದು ಗೆರೆ ಎಳೆದರೆ ಸಾಕು. ಗೆರೆ ಎಳೆಯಲು ನಮ್ಮ ತರಗತಿಯ ಐವರು ಒಪ್ಪಿದ್ದಾರೆ, ಪ್ರಾಚಾರ್ಯರ ಅನುಮತಿ ಕೇಳಿದ್ದೇವೆ.

ಮುಂದಿನ ತಿಂಗಳು ದಾದಿಯನ್ನು ಮತ್ತೆ ಕಣ್ಣಿನ ದವಾಖಾನೆಗೆ ಕರೆದುಕೊಂಡು ಹೋಗಬೇಕು. ಬರುವುದಿಲ್ಲ ಎನ್ನುತ್ತಿದ್ದಾರೆ, ಒಪ್ಪಿಸುತ್ತೇನೆ. ಅವತ್ತು ಜಮಖಂಡಿಯ ಬಜಾರಿನಲ್ಲಿ ನಿಮ್ಮ ಮನೆಯ ಗಾಡಿಯೂ ಇರಬಹುದು. ನೂರು ಹೆಜ್ಜೆ ದೂರ ನಿಲ್ಲಿಸಿ ನಡೆದು ಬರಲು ಬೇಕಾಗುವುದು ಹೆಚ್ಚೆಂದರೆ ಎರಡು ನಿಮಿಷ.